ಉಲ್ಟಾ ಕಟ್ಟಿದ ಸೀಗಡಿ

ಹೊಸರಿತ್ತಿಯ ಓದುಗರೊಬ್ಬರು ಒಂದು ಫೋಟೊ ಕಳಿಸಿದ್ದಾರೆ. ಹೆಬ್ಬೆರಳುದ್ದದ ಗಾಳ, ಅದರ ಮೈತುಂಬ ತಿಳಿಗುಲಾಬಿ ದಾರ, ಹುಂಜದ ಗರಿ, ಎರಡು ಉದ್ದ ಮೀಸೆ, ಎರಡು ಕರಿ ಕಣ್ಣು. ಅಂಡಮಾನಿನಲ್ಲಿ ಕೆಲಸಕ್ಕಿರುವ ಅಳಿಯ ತಂದುಕೊಟ್ಟದ್ದಂತೆ. ಕೆಳಗೆ ಪ್ರಶ್ನೆ: "ಸರ್, ಇದು ಸೀಗಡಿ ಅಂತಾರ. ಆದ್ರ ದಾರ ಕಟ್ಟೋ ಕಡೆ ಬಾಲ ಐತಿ, ಕೊಕ್ಕೆ ಕಡೆ ಕಣ್ಣ ಅದಾವ. ಎಳದ್ರ ಹಿಂದಮುಂದ ಹೊಕ್ಕೈತಲ್ರಿ? ಉಲ್ಟಾ ಕಟ್ಯಾರೇನು?"

ಎಷ್ಟು ಚೆಂದದ ಪ್ರಶ್ನೆ! ಕಟ್ಟಿದವನು ತಪ್ಪಿಲ್ಲ. ಬೇಕೆಂದೇ ಉಲ್ಟಾ ಕಟ್ಟಿದ್ದಾನೆ.

ಈ ಗಾಳಕ್ಕೆ 'ಫ್ಲೈ' ಎಂದು ಹೆಸರು. ಮೊದಲು ನೀರಿನ ಮೇಲಿನ ನೊಣ, ಹುಳುಗಳನ್ನು ಅನುಕರಿಸಿ ಕಟ್ಟುತ್ತಿದ್ದರು, ಹೆಸರು ಹಾಗೇ ಉಳಿಯಿತು. ನಮ್ಮ ನಾಡಿಗೆ ಇದು ಹೊಸದೂ ಅಲ್ಲ. ದಕ್ಷಿಣ ಕನ್ನಡದಲ್ಲಿ ಅಧಿಕಾರಿಯಾಗಿದ್ದ ಎಚ್. ಎಸ್. ಥಾಮಸ್ ಭಾರತದ ಗಾಳಗಾರಿಕೆಯ ಬಗ್ಗೆ ಬರೆದ 'ದಿ ರಾಡ್ ಇನ್ ಇಂಡಿಯಾ' 1873ರಲ್ಲಿ ಅಚ್ಚಾದದ್ದು ಮಂಗಳೂರಿನಲ್ಲೇ.

ಇನ್ನು ಸೀಗಡಿಯ ವಿಷಯ. ಸಾಗರದ ಕಡೆ ಹುಟ್ಟಿ ಗಳಗನಾಥದಲ್ಲಿ ತುಂಗಭದ್ರೆಯನ್ನು ಸೇರುವ ವರದೆ ಬೇಸಿಗೆಯಲ್ಲಿ ಮಡುಗಳಾಗಿ ಒಡೆದು ನಿಲ್ಲುತ್ತಾಳೆ. ಅಂಥ ಒಂದು ಮಡುವಿನಲ್ಲಿ ಹುಡುಗರು ಸೀಗಡಿ ಹಿಡಿಯುವುದನ್ನು ನೋಡುತ್ತ ಒಂದು ಸಂಜೆ ಕಳೆದಿದ್ದೇನೆ. ನಾನು ಮುಂದಿನಿಂದ ಕೈ ಹಾಕಿದಾಗಲೆಲ್ಲ ಬರಿ ನೀರು. ಒಬ್ಬ ಹುಡುಗ ನನ್ನ ಕೈ ಹಿಡಿದು ಸೀಗಡಿಯ ಬಾಲದ ಹಿಂದೆ ಇಟ್ಟ. "ಹಿಂದ ಇಡ್ರೀ ಕೈ, ಮುಂದ ಅಲ್ಲ." ಆಮೇಲೆ ಒಂದು ಜೋಳದ ಕಡ್ಡಿಯಿಂದ ಅದರ ಮೀಸೆ ಮುಟ್ಟಿದ. ಟಪ್ಪನೆ ಅದು ನನ್ನ ಅಂಗೈಗೇ ಬಂದು ಬಡಿಯಿತು. ಫ್ಲೈ ಕಟ್ಟುವವರಿಗೂ ಆ ಹುಡುಗನಿಗೂ ಗೊತ್ತಿರುವ ಸಂಗತಿ ಒಂದೇ: ಹೆದರಿದ ಸೀಗಡಿ ಹಿಂದಕ್ಕೆ ಹಾರುತ್ತದೆ.

ಸುಮ್ಮನಿದ್ದಾಗ ಅದು ಮುಂದಕ್ಕೇ ಹೋಗುತ್ತದೆ. ಹೊಟ್ಟೆಯಡಿಯ ಪುಟ್ಟ ಕಾಲುಗಳು ದೋಣಿಯ ಹುಟ್ಟಿನಂತೆ ಆಡುತ್ತವೆ. ಅಪಾಯ ಬಂದಾಗ ಮಾತ್ರ ಬಾಲವನ್ನು ಹೊಟ್ಟೆಯ ಕೆಳಗೆ ರಪ್ಪನೆ ಮಡಚುತ್ತದೆ, ಬೀಸಣಿಗೆಯಂಥ ಬಾಲದ ತುದಿ ನೀರನ್ನು ಒದೆಯುತ್ತದೆ, ಮೈ ಹಿಂದಕ್ಕೆ ಚಿಮ್ಮುತ್ತದೆ. ನಾವು ಸಾರಿಗೆ ಹಾಕುವ ಸೀಗಡಿಯ ಮಾಂಸದ ಬಹುಪಾಲು ಹೀಗೆ ಬಾಲ ಮಡಚುವ ಸ್ನಾಯುವೇ!

ನನಗೆ ರೋಮಾಂಚನವಾಗುವುದು ಆ ಸ್ನಾಯುವಿಗೆ ಹೋಗುವ ಸುದ್ದಿಯ ವೇಗ ನೆನೆದಾಗ. ಸೀಗಡಿಯ ತಲೆಯಿಂದ ಬಾಲದವರೆಗೆ ಒಂದು ಜೋಡಿ ದೈತ್ಯ ನರತಂತುಗಳಿವೆ. 1960ರ ದಶಕದಲ್ಲಿ ಕುರುಮಾ ಎಂಬ ಕಡಲ ಸೀಗಡಿಯಲ್ಲಿ ಈ ತಂತುವಿನ ವೇಗ ಅಳೆದಾಗ ಸಿಕ್ಕಿದ್ದು ಸೆಕೆಂಡಿಗೆ 210 ಮೀಟರ್, ಅಂದರೆ ಗಂಟೆಗೆ ಸುಮಾರು 750 ಕಿಲೋಮೀಟರ್. ನಮ್ಮ ಮೈಯ ಅತಿ ಚುರುಕಿನ ನರ 120 ಮೀಟರಿನ ಆಸುಪಾಸಿನಲ್ಲೇ ನಿಲ್ಲುತ್ತದೆ. ಪ್ರಾಣಿಲೋಕದಲ್ಲಿ ಇದುವರೆಗೆ ಅಳೆದ ಅತಿ ವೇಗದ ನರ ಇರುವುದು ಆನೆಯಲ್ಲಲ್ಲ, ಚಿರತೆಯಲ್ಲಲ್ಲ, ಗೇಣುದ್ದದ ಸೀಗಡಿಯಲ್ಲಿ!

ಇದು ಹೇಗೆ? ನರದಲ್ಲಿ ವೇಗ ಹೆಚ್ಚಿಸಲು ಎರಡು ದಾರಿ. ಒಂದು, ತಂತುವನ್ನೇ ದಪ್ಪ ಮಾಡುವುದು. ಸ್ಕ್ವಿಡ್ ಎಂಬ ಕಡಲಜೀವಿ ಮಾಡಿರುವುದು ಅದನ್ನೇ; ಅದರ ನರ ಬರಿಗಣ್ಣಿಗೆ ಕಾಣುವಷ್ಟು ದಪ್ಪ, ಆದರೂ ವೇಗ ಸುಮಾರು 25 ಮೀಟರ್. ಇನ್ನೊಂದು ದಾರಿ, ವೈರಿಗೆ ಪ್ಲಾಸ್ಟಿಕ್ ಸುತ್ತುವಂತೆ ತಂತುವಿಗೆ ಮಯಲಿನ್ ಎಂಬ ಹೊದಿಕೆ ಸುತ್ತುವುದು. ಆಗ ಸಂಕೇತ ನಿಲ್ದಾಣದಿಂದ ನಿಲ್ದಾಣಕ್ಕೆ ಜಿಗಿಯುತ್ತ ಸಾಗುತ್ತದೆ. ನಮ್ಮದು ಹಾಗೆ. ಸೀಗಡಿಯೂ ಹೊದಿಕೆ ಸುತ್ತಿದೆ, ಆದರೆ ತಂತುವಿಗೆ ಅಂಟಿಸಿಲ್ಲ. ಅಗಲ ಕೊಳವೆಯೊಳಗೆ ಸಣ್ಣ ತಂತು, ನಡುವೆ ದ್ರವ ತುಂಬಿದ ಜಾಗ. ನಿಲ್ದಾಣಗಳೂ ವಿರಳ. ಹಾವೇರಿಯಿಂದ ಹುಬ್ಬಳ್ಳಿಗೆ ಹೋಗುವ 'ತಡೆರಹಿತ' ಬಸ್ಸಿದ್ದಂತೆ. ಹದಿನೈದು ಸೆಂಟಿಮೀಟರಿನ ಮೈಯನ್ನು ಸುದ್ದಿ ದಾಟಲು ಸೆಕೆಂಡಿನ ಸಾವಿರದ ಒಂದು ಭಾಗವೂ ಬೇಡ.

ಅದೇ ಓದುಗರು, ಸೀಗಡಿ ತಿಂದು ಹಾಲು ಕುಡಿದರೆ ತೊನ್ನು ಬರುತ್ತದೆಯೇ ಎಂದೂ ಕೇಳಿದ್ದಾರೆ. ಬರುವುದಿಲ್ಲ. ಚರ್ಮಕ್ಕೆ ಬಣ್ಣ ಕೊಡುವ ಕೋಶಗಳ ಮೇಲೆ ದೇಹದ ರಕ್ಷಣಾ ವ್ಯವಸ್ಥೆಯೇ ತಿರುಗಿಬಿದ್ದಾಗ ತೊನ್ನಾಗುತ್ತದೆ. ಅದು ಅಂಟುವುದಿಲ್ಲ, ಊಟದ ತಪ್ಪಿನಿಂದಲೂ ಬರುವುದಿಲ್ಲ. ಈ ಮಾತನ್ನು ನಂಬಿ ಎಷ್ಟು ಹೆಣ್ಣುಮಕ್ಕಳ ಮನೆಯವರನ್ನು ನೋಯಿಸಿದ್ದೇವೆ! ಇನ್ನಾದರೂ ನಿಲ್ಲಿಸೋಣ.

ಕಟ್ಟುವ ಕೆಲಸಕ್ಕೆ ಮರಳಿ ಬರುತ್ತೇನೆ. ಗಾಳವನ್ನು ಪುಟ್ಟ ಇಕ್ಕಳಕ್ಕೆ ಸಿಕ್ಕಿಸಿ ಕೊಕ್ಕೆಯ ಬಾಗಿನಿಂದ ಶುರುಮಾಡುತ್ತಾರೆ. ಮೊದಲು ಮೀಸೆ. ಆಮೇಲೆ ಕಣ್ಣು: ದಪ್ಪ ನೈಲಾನ್ ದಾರದ ತುದಿಗೆ ಬೆಂಕಿ ತಾಗಿಸಿದರೆ ಅದು ಕರಗಿ ಗುಂಡಗಾಗುತ್ತದೆ, ಕಣ್ಣು ಸಿದ್ಧ. ಹುಂಜದ ಕುತ್ತಿಗೆ ಗರಿಯನ್ನು ಮೈಗೆ ಸುರುಳಿ ಸುತ್ತಿದರೆ ಕಾಲುಗಳು. ಜಿಂಕೆಯ ಬಾಲದ ಕೂದಲು ಬಳಸುವವರು ಹೊರದೇಶಗಳಲ್ಲಿದ್ದಾರೆ. ರಾಣೆಬೆನ್ನೂರಿನ ಚಿಗರಿಗಳ ನೆರೆಯವರಾದ ನಾವು ಆ ಯೋಚನೆಯನ್ನೂ ಮಾಡಬಾರದು, 1972ರ ವನ್ಯಜೀವಿ ಕಾಯ್ದೆ ಅದನ್ನು ಅಪರಾಧವೆನ್ನುತ್ತದೆ. ಆಡಿನ ಕೂದಲು ಸಾಕು. ಕೊನೆಗೆ, ದಾರ ಕಟ್ಟುವ ತುದಿಯ ಬಳಿ ಒಂದು ಜೋಡಿ ಭಾರದ ಗುಂಡು ಬಿಗಿಯುತ್ತಾರೆ. ಆ ಭಾರಕ್ಕೆ ಗಾಳ ನೀರಿನಲ್ಲಿ ಮಗುಚಿ, ಕೊಕ್ಕೆಯ ಮೊನೆ ಮೇಲಾಗುತ್ತದೆ. ತಳದ ಕಲ್ಲಿಗೆ, ಪಾಚಿಗೆ ಸಿಕ್ಕಿಕೊಳ್ಳುವುದು ಕಡಿಮೆ.

ಹಾಗಾಗಿ ನಿಮ್ಮ ಅಳಿಯ ತಂದ ಸೀಗಡಿಯನ್ನು ಬಿಚ್ಚಿ ಸರಿಮಾಡಲು ಹೋಗಬೇಡಿ. ಒಂದು ಬಕೆಟ್ ನೀರಿಗೆ ಬಿಟ್ಟು, ದಾರವನ್ನು ಒಮ್ಮೆ ಚುರುಕಾಗಿ ಎಳೆದು, ಕೈ ಸಡಿಲಿಸಿ ನೋಡಿ. ಅದು ಕಣ್ಣು ನಿಮ್ಮಿಂದಾಚೆಗಿಟ್ಟುಕೊಂಡು ಹಿಂದಕ್ಕೆ ಚಿಮ್ಮುತ್ತದೆ, ನಿಲ್ಲುತ್ತದೆ, ಮೆಲ್ಲಗೆ ಕೆಳಗಿಳಿಯುತ್ತದೆ. ಕಡಲಿನಲ್ಲಿ ಮೀನು ಹೆಚ್ಚಾಗಿ ಬಾಯಿ ಹಾಕುವುದು ಅದು ಹಾಗೆ ಇಳಿಯುವಾಗಲೇ.