ನಿರಂತರ ಅಂದ್ರೆ ಎಷ್ಟು ದಿನ?

ಒಂದು ಪದ ತಪ್ಪಾದರೆ ಏನಾಗುತ್ತೆ ಸ್ವಾಮಿ? ಪರೀಕ್ಷೆಯಲ್ಲಾದರೆ ಒಂದು ಅಂಕ ಹೋಗುತ್ತೆ. ಟಿವಿಯಲ್ಲಾದರೆ ಯಾರದ್ದೋ ಸಸಿ ಮಡಿ ಒಣಗುತ್ತೆ. ಇದು ನಾನು ಮಾಡಿದ ತಪ್ಪು, ಹಾಗಾಗಿ ನಾನೇ ಹೇಳಬೇಕು.

ಕೆಲವು ವರ್ಷಗಳ ಹಿಂದಿನ ಮಾತು. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಡುವ ಸುದ್ದಿ ಇಂಗ್ಲಿಷಿನಲ್ಲಿ ಬಂತು. ಅದರಲ್ಲಿದ್ದ ಪದ ‘ಕಂಟಿನ್ಯುವಲ್’. ಅವಸರದಲ್ಲಿ ಡೆಸ್ಕಿನಲ್ಲಿ ಅದು ‘ನಿರಂತರ’ ಆಯ್ತು. ಇಷ್ಟು ದಿನ ಬಿಡುವುದು, ಇಷ್ಟು ದಿನ ನಿಲ್ಲಿಸುವುದು ಅನ್ನುವ ಮುಂದಿನ ಸಾಲು ಸಮಯ ಸಾಲದೆ ಕತ್ತರಿಸಿ ಹೋಯ್ತು. ನಾನು ಗಂಭೀರವಾಗಿ ಓದಿದೆ: ಎಡದಂಡೆಗೆ ನಿರಂತರ ನೀರು.

ಎರಡು ವಾರ ಕಳೆದ ಮೇಲೆ ಸಿಂಧನೂರು ಕಡೆಯಿಂದ ಒಬ್ಬರು ಫೋನ್ ಮಾಡಿದರು. ಕಾಲುವೆಯ ಕೊನೆ ಭಾಗದ ರೈತರು. ಬೈಗುಳ ಇಲ್ಲ, ಕೂಗಾಟ ಇಲ್ಲ. ಕೇಳಿದ್ದು ಒಂದೇ ಮಾತು: “ನಿರಂತರ ಅಂದ್ರಿ. ನಂಬಿ ಮಡಿ ಹಾಕಿದ್ವಿ. ಹತ್ತು ದಿನಕ್ಕ ಬಂದ್ ಮಾಡ್ಯಾರ. ನಿಮ್ಮ ಊರಾಗ ನಿರಂತರ ಅಂದ್ರ ಹತ್ತು ದಿನಾನ್ರೀ?”

ನನ್ನ ಬಳಿ ಉತ್ತರ ಇರಲಿಲ್ಲ. ಅವತ್ತು ರಾತ್ರಿ ನಿಘಂಟು ತೆಗೆದು ಕೂತೆ.

ನೋಡಿ, ಇಂಗ್ಲಿಷಿನಲ್ಲಿ ‘ಕಂಟಿನ್ಯುಯಸ್’ ಬೇರೆ, ‘ಕಂಟಿನ್ಯುವಲ್’ ಬೇರೆ. ಕೇಳೋಕೆ ಅವಳಿ ಜವಳಿ, ಅರ್ಥದಲ್ಲಿ ಅಜಗಜಾಂತರ. ಕಂಟಿನ್ಯುಯಸ್ ಅಂದರೆ ನಡುವೆ ಒಂದು ಕ್ಷಣವೂ ಬಿಡುವಿಲ್ಲದ್ದು. ಕಂಟಿನ್ಯುವಲ್ ಅಂದರೆ ನಿಂತು ನಿಂತು ಮತ್ತೆ ಬರುವಂಥದ್ದು. ರಾತ್ರಿಯಿಡೀ ಸುರಿದ ಮಳೆ ಕಂಟಿನ್ಯುಯಸ್. ನೆರೆಮನೆ ನಾಯಿ ದಿನಾ ಬೊಗಳುವುದು ಕಂಟಿನ್ಯುವಲ್. ಪಾಪ, ಅದೂ ನಡುವೆ ಉಸಿರು ತಗೋಬೇಕಲ್ಲ!

ಕನ್ನಡದಲ್ಲಿ ಈ ವ್ಯತ್ಯಾಸ ಇಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಮೊದಲನೆಯದಕ್ಕೆ ನಮ್ಮಲ್ಲಿ ‘ಎಡೆಬಿಡದೆ’ ಇದೆ. ಎಡೆ ಅಂದರೆ ಜಾಗ, ಸಂದು. ಸಂದೇ ಬಿಡದ್ದು ಎಡೆಬಿಡದ್ದು. ‘ನಿರಂತರ’ವೂ ಅದೇ ತಾನೆ? ಅಂತರ ಇಲ್ಲದ್ದು. ಎರಡನೆಯದಕ್ಕೆ ‘ಮೇಲಿಂದ ಮೇಲೆ’, ‘ಪದೇ ಪದೇ’ ಇವೆ. ಕಾಲುವೆಯ ವಿಷಯಕ್ಕೆ ಬಂದರೆ ಇನ್ನೂ ಖಚಿತವಾದ ಪದ ಆ ರೈತರ ಬಾಯಲ್ಲೇ ಇತ್ತು: ‘ಸರದಿ’. ನಾನು ಅಂತರ ಇರುವ ನೀರನ್ನು ಅಂತರ ಇಲ್ಲದ್ದು ಅಂತ ಓದಿದ್ದೆ.

ಆ ಅಂತರದಲ್ಲಿ ಏನಿದೆ ಅಂತ ತಿಳಿಯಬೇಕಾದರೆ ಕಾಲುವೆಯನ್ನು ನೋಡಬೇಕು. ಎಡದಂಡೆ ಕಾಲುವೆಯ ಉದ್ದ 227 ಕಿಲೋಮೀಟರ್. ಕೊಪ್ಪಳ ದಾಟಿ ರಾಯಚೂರು ಜಿಲ್ಲೆಗೆ ಬರಬೇಕು. ಈ ಯೋಜನೆ ಮಾಡಿದವರ ಲೆಕ್ಕ ಇದ್ದದ್ದು ಬರಗಾಲದಿಂದ ಬೆಳೆ ಉಳಿಸಲು ಹೆಚ್ಚು ಜಮೀನಿಗೆ ತೆಳುವಾಗಿ ನೀರು ಹಂಚುವುದು. ಬಂದದ್ದು ಭತ್ತ. ಭತ್ತಕ್ಕೆ ಗದ್ದೆಯಲ್ಲಿ ನೀರು ನಿಲ್ಲಬೇಕು. ಮೇಲ್ಭಾಗದವರು ನಿಲ್ಲಿಸಿಕೊಂಡರೆ ಕೆಳಭಾಗಕ್ಕೆ ಉಳಿಯುವುದೆಷ್ಟು? ಗೇಟಿನ ಹತ್ತಿರ ‘ಹತ್ತು ದಿನ’ ಅಂದದ್ದು ಕೊನೆಯ ಹೊಲದಲ್ಲಿ ಹತ್ತು ದಿನ ಆಗಿರುವುದಿಲ್ಲ. ನೀರು ಬಂದು ಮುಟ್ಟುವುದಕ್ಕೇ ದಿನಗಳು ಬೇಕು, ಮುಟ್ಟುವ ಹೊತ್ತಿಗೆ ಮೇಲೆ ಬಂದ್ ಆಗಿರುತ್ತೆ. ‘ನಿರಂತರ’ ಅಂತ ಕೇಳಿದವನು ಮಡಿ ಹಾಕುತ್ತಾನೆ. ‘ಸರದಿ’ ಅಂತ ಕೇಳಿದ್ದರೆ ಜೋಳವೋ ಕಡಲೆಯೋ ಬಿತ್ತುತ್ತಿದ್ದ. ಒಂದು ಪದದ ಬೆಲೆ ಇಷ್ಟು.

ನೀರು ಬಿಟ್ಟು ಬಿಟ್ಟು ಬರುತ್ತೆ, ಬಿಡದೆ ಬರೋದು ಒಂದಿದೆ. ಹೂಳು! ತುಂಗಭದ್ರಾ ಜಲಾಶಯ ಕಟ್ಟಿದಾಗ ಸಾಮರ್ಥ್ಯ ಸುಮಾರು 133 ಟಿಎಂಸಿ. ಈಗ 105 ಟಿಎಂಸಿ ಚಿಲ್ಲರೆ. ಯಾರೂ ಸಭೆ ಸೇರಿ ತೀರ್ಮಾನ ಮಾಡಿ ತಂದದ್ದಲ್ಲ ಅದು. ಇಂಥದ್ದಕ್ಕೆ ಇಂಗ್ಲಿಷಿನಲ್ಲಿ ‘ಇನ್ಸೆಸೆಂಟ್’ ಅನ್ನುವ ಪದವೂ ಇದೆ. ಬಿಡುವಿಲ್ಲದ್ದು, ಜೊತೆಗೆ ಬೇಸರ ತರಿಸುವಂಥದ್ದು. ಹೂಳಿಗೂ ಸರಿ, ಕೆಲವು ಚಾನೆಲ್ ಚರ್ಚೆಗಳಿಗೂ ಸರಿ. ನಮ್ಮದನ್ನೂ ಸೇರಿಸಿಯೇ ಹೇಳ್ತಿದೀನಿ.

ಇನ್ನು ‘ಪೆರೆನಿಯಲ್’. ಲ್ಯಾಟಿನ್ ಮೂಲದ ಪದ, ವರ್ಷದ ಉದ್ದಕ್ಕೂ ಇರುವುದು ಅಂತ ಅರ್ಥ. ವರ್ಷವಿಡೀ ಹರಿಯುವ ನದಿಗೆ ನಾವು ‘ಜೀವನದಿ’ ಅಂತೀವಿ. ಎಷ್ಟು ಚೆಂದದ ಪದ! ಆದರೆ ಇದೇ ಪದವನ್ನು ವರ್ಷ ವರ್ಷವೂ ತಪ್ಪದೆ ಮರಳುವ ತಾಪತ್ರಯಕ್ಕೂ ಬಳಸುತ್ತಾರೆ. ಹಾಗಾಗಿ ಈ ಸೀಮೆಯಲ್ಲಿ ಹಳ್ಳಗಳು ಪೆರೆನಿಯಲ್ ಅಲ್ಲ, ಬೇಸಿಗೆಯ ಕುಡಿಯುವ ನೀರಿನ ಚಿಂತೆ ಪೆರೆನಿಯಲ್.

ಲಿಂಗಸುಗೂರು ತಾಲ್ಲೂಕಿಗೆ ಬನ್ನಿ. ಹಟ್ಟಿಯಲ್ಲಿ ಚಿನ್ನದ ಗಣಿ. ಪುರಾತನ ಕಾಲದಲ್ಲೇ ಇಲ್ಲಿ ನೆಲ ಅಗೆದು ಚಿನ್ನ ತೆಗೆದ ಕುರುಹುಗಳಿವೆ. ಆಮೇಲೆ ನಿಂತಿತು. ಬ್ರಿಟಿಷರ ಕಾಲದಲ್ಲಿ ಮತ್ತೆ ಶುರುವಾಯಿತು, ಮತ್ತೆ ನಿಂತಿತು. 1947ರಲ್ಲಿ ಕಂಪನಿ ಸ್ಥಾಪನೆಯಾಯಿತು, ಇವತ್ತಿಗೂ ನಡೆಯುತ್ತಿದೆ. ಹಟ್ಟಿಯಲ್ಲಿ ಎರಡು ಸಾವಿರ ವರ್ಷ ನಿರಂತರ ಗಣಿಗಾರಿಕೆ ಅಂತ ಯಾರಾದರೂ ಭಾಷಣ ಮಾಡಿದರೆ ತಿದ್ದಿ. ನಿರಂತರ ಅಲ್ಲ, ಮೇಲಿಂದ ಮೇಲೆ.

ಸಿಂಧನೂರಿನಲ್ಲಿ ಇನ್ನೊಂದು ತಮಾಷೆ ಇದೆ. ತಮಾಷೆಯೂ ಅಲ್ಲ ಬಿಡಿ. ಊರಿಗೆ ಊರೇ ‘ಕ್ಯಾಂಪ್’. ಕ್ಯಾಂಪ್ ಅಂದರೆ ಗುಡಾರ, ಇವತ್ತು ಹಾಕಿ ನಾಳೆ ಕೀಳುವಂಥದ್ದು. ಕಾಲುವೆ ಬಂದಾಗ ಆಂಧ್ರದಿಂದ ಬಂದವರು ನೆಲೆಸಿದ ಕ್ಯಾಂಪ್‌ಗಳಿವೆ. ಅಂದಿನ ಪೂರ್ವ ಪಾಕಿಸ್ತಾನದಿಂದ ನಿರಾಶ್ರಿತರಾಗಿ ಬಂದ ಬಂಗಾಳಿಗಳ ಕ್ಯಾಂಪ್‌ಗಳಿವೆ. ಅಲ್ಲೇ ಮಕ್ಕಳು, ಮೊಮ್ಮಕ್ಕಳು ಹುಟ್ಟಿದ್ದಾರೆ. ಮನೆ ‘ಪರ್ಮನೆಂಟ್’, ಊರಿನ ಹೆಸರು ಮಾತ್ರ ತಾತ್ಕಾಲಿಕ. ಬಂಗಾಳಿ ಕುಟುಂಬಗಳಲ್ಲಿ ಎಷ್ಟೋ ಜನರಿಗೆ ಪೌರತ್ವದ ಪ್ರಶ್ನೆ ದಶಕಗಳ ಕಾಲ ಹಾಗೇ ಉಳಿಯಿತು. ಹೆಸರಿನಲ್ಲಿ ಅಂಟಿಕೊಂಡ ‘ಸದ್ಯಕ್ಕೆ’ ಅನ್ನುವುದು ಮನುಷ್ಯನನ್ನು ಎಷ್ಟು ವರ್ಷ ಕಾಯಿಸಬಹುದು ನೋಡಿ.

ಮಸ್ಕಿಯವರಿಗೆ ಇನ್ನೊಂದು ಪದ ಚೆನ್ನಾಗಿ ಗೊತ್ತು: ‘ಅನಿರ್ದಿಷ್ಟಾವಧಿ’. ನಾರಾಯಣಪುರ ಬಲದಂಡೆಯ 5ಎ ಕಾಲುವೆ ಬೇಕು ಅಂತ ಪಾಮನಕಲ್ಲೂರಿನಲ್ಲಿ ರೈತರು 2020ರ ಕೊನೆಗೆ ಕೂತ ಧರಣಿ ನೂರು ದಿನ ದಾಟಿತು. 2021ರ ಉಪಚುನಾವಣೆಯಲ್ಲಿ ಅದೇ ದೊಡ್ಡ ವಿಷಯ. ಅನಿರ್ದಿಷ್ಟಾವಧಿ ಅಂದರೆ ಮುಗಿಯದ್ದು ಅಂತ ಅಲ್ಲ, ಯಾವಾಗ ಮುಗಿಯುತ್ತೆ ಅಂತ ಗೊತ್ತಿಲ್ಲದ್ದು. ಇದಕ್ಕೆ ಎದುರಾಗಿ ನಾಯಕರು ಹೇಳುವ ಪದ ‘ಶಾಶ್ವತ ಪರಿಹಾರ’. ಅದು ಎಂದೂ ಮುಗಿಯದ್ದು. ಸಮಸ್ಯೆಯೇನೋ ಹೌದು, ಪರಿಹಾರ ಎಲ್ಲಿ?

ಶಾಶ್ವತದ ಮಾತು ಬಂತಲ್ಲ, ಅದೇ ಮಸ್ಕಿಯ ಬೆಟ್ಟ ಹತ್ತೋಣ. 1915ರಲ್ಲಿ ಚಿನ್ನದ ನಿಕ್ಷೇಪ ಹುಡುಕುತ್ತಿದ್ದ ಗಣಿ ಇಂಜಿನಿಯರ್ ಬೀಡನ್ ಅವರ ಕಣ್ಣಿಗೆ ಇಲ್ಲಿ ಅಶೋಕನ ಶಾಸನ ಬಿತ್ತು. ಹೆಚ್ಚಿನ ಶಾಸನಗಳಲ್ಲಿ ‘ದೇವಾನಾಂಪ್ರಿಯ’ ಅಂತಷ್ಟೇ ಇದ್ದ ರಾಜ ಅಶೋಕನೇ ಅನ್ನುವುದು ಗಟ್ಟಿಯಾದದ್ದು ಇಲ್ಲಿ ಅವನ ಹೆಸರೇ ಸಿಕ್ಕಿದ್ದರಿಂದ. ಆ ಶಾಸನದ ಕೊನೆಯಲ್ಲಿ ಪ್ರಾಕೃತದ ಒಂದು ಪದ ಇದೆ: ‘ಚಿರಠಿತಿಕ’. ಚಿರಸ್ಥಿತಿ, ಅಂದರೆ ಬಹುಕಾಲ ನಿಲ್ಲುವುದು. ಈ ಧರ್ಮದ ವಿಷಯ ಬಹುಕಾಲ ಉಳಿದು ಬೆಳೆಯಲಿ ಅನ್ನುವ ಆಶಯ. ಗಮನಿಸಿ, ಅಷ್ಟು ದೊಡ್ಡ ಚಕ್ರವರ್ತಿ ಬಂಡೆಯ ಮೇಲೆ ಕೊರೆಸುವಾಗಲೂ ಅಲ್ಲಿ ‘ಶಾಶ್ವತ’ ಅನ್ನಲಿಲ್ಲ. ಎರಡು ಸಾವಿರದ ಇನ್ನೂರು ವರ್ಷಕ್ಕೂ ಮೀರಿ ಆ ಅಕ್ಷರ ನಿಂತಿದೆ. ನಮ್ಮ ಶಾಶ್ವತ ಯೋಜನೆಗಳ ಅಡಿಗಲ್ಲಿನ ಅಕ್ಷರ ಎಷ್ಟು ಮಳೆಗಾಲ ತಡೆಯುತ್ತೆ?

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟು ಕೊಚ್ಚಿಹೋಯಿತು. ಏಳು ದಶಕ ನಿಂತಿದ್ದ ಗೇಟು ಅದು. ಶಾಶ್ವತ ಅಂತ ನಾವೆಲ್ಲ ಅಂದುಕೊಂಡಿದ್ದೆವು. ಅದು ಬರೀ ಚಿರ. ಚಿರವಾದದ್ದನ್ನು ಯಾರಾದರೂ ನೋಡಿಕೊಳ್ಳುತ್ತಿರಬೇಕು, ಶಾಶ್ವತ ಅಂದುಕೊಂಡರೆ ಯಾರೂ ನೋಡುವುದಿಲ್ಲ.

ಆ ಫೋನಿನ ನಂತರ ನಾನು ಒಂದು ಅಭ್ಯಾಸ ಮಾಡಿಕೊಂಡೆ. ಸುದ್ದಿಯಲ್ಲಿ ನಿರಂತರ, ಸತತ, ಶಾಶ್ವತ ಅಂತ ಬಂದರೆ ಡೆಸ್ಕಿಗೆ ಮೂರು ಪ್ರಶ್ನೆ ಹಾಕ್ತೀನಿ. ಯಾವತ್ತಿನಿಂದ? ಯಾವತ್ತಿನವರೆಗೆ? ನಡುವೆ ಎಷ್ಟು ದಿನ ಬಂದ್? ಉತ್ತರ ಇಲ್ಲದಿದ್ದರೆ ಆ ಪದ ಓದಲ್ಲ. ನೀವೂ ಕೇಳಿ. ನಮ್ಮನ್ನೂ ಕೇಳಿ, ವೇದಿಕೆ ಮೇಲಿರುವವರನ್ನೂ ಕೇಳಿ.

ಆ ರೈತರಿಗೆ ನಾನು ಮರುದಿನ ಫೋನ್ ಮಾಡಿ ತಪ್ಪಾಯ್ತು ಅಂದೆ. ಬುಲೆಟಿನ್‌ನಲ್ಲೂ ತಿದ್ದಿ ಓದಿದೆವು. ಅವರು ಹೇಳಿದ್ದು ಇಷ್ಟೇ: “ಆತು ಬಿಡ್ರಿ. ಮುಂದಿನ ಸಲ ತಾರೀಖು ಹೇಳ್ರಿ, ಸಾಕು.”