ಮಿಸ್ಟ್ ದ್ವೀಪದ ನಿಯಮಗಳು

ನಿರ್ಜನವಾದ ಒಂದು ದ್ವೀಪ. ಮರದ ಹಲಗೆಗಳಿಂದ ಕಟ್ಟಿದ ಹಡಗುಕಟ್ಟೆಯ ಮೇಲೆ ನೀವು ನಿಂತಿದ್ದೀರಿ. ಪಕ್ಕದ ನೀರಿನಲ್ಲಿ ಮುಳುಗಿದ ಹಡಗೊಂದರ ಕೂವೆಮರ ಮಾತ್ರ ತಲೆಯೆತ್ತಿ ನಿಂತಿದೆ. ಎತ್ತರದ ದಿಬ್ಬದ ಮೇಲೆ ಭಾರಿ ಹಲ್ಲುಚಕ್ರಗಳು ಕಾಣುತ್ತಿವೆ. ಗಾಳಿಯ ಸದ್ದು, ಅಲೆಗಳ ಸದ್ದು, ಮನುಷ್ಯರ ಸುಳಿವಿಲ್ಲ. ಇಲ್ಲಿಗೆ ಏತಕ್ಕೆ ಬಂದಿರಿ, ಏನು ಮಾಡಬೇಕು ಎಂದು ಹೇಳುವವರೂ ಇಲ್ಲ.

1993ರ ಸೆಪ್ಟೆಂಬರ್ ತಿಂಗಳಿನಲ್ಲಿ ಅಮೆರಿಕದಲ್ಲಿ ಹೊರಬಂದ ‘ಮಿಸ್ಟ್’ ಎಂಬ ಗಣಕಯಂತ್ರದ ಆಟವು ಹೀಗೆ ಮೊದಲಾಗುವುದು. ಇದನ್ನು ರಚಿಸಿದವರು ವಾಷಿಂಗ್ಟನ್ ಸಂಸ್ಥಾನದ ಸ್ಪೋಕೇನ್ ಪ್ರಾಂತದಲ್ಲಿ ‘ಸಯಾನ್’ ಎಂಬ ಸಣ್ಣ ಸಂಸ್ಥೆಯನ್ನು ನಡೆಸುತ್ತಿದ್ದ ರ‍್ಯಾಂಡ್ ಮಿಲ್ಲರ್ ಮತ್ತು ರಾಬಿನ್ ಮಿಲ್ಲರ್ ಎಂಬ ಸಹೋದರರು. ಗುಂಡು ಹಾರಿಸುವುದಾಗಲಿ, ಅಂಕಗಳನ್ನು ಗಳಿಸುವುದಾಗಲಿ ಇಲ್ಲದ ಈ ಆಟದ 60 ಲಕ್ಷಕ್ಕೂ ಹೆಚ್ಚು ಪ್ರತಿಗಳು ಮಾರಾಟವಾದವು. ಅದನ್ನು ಅನುಸರಿಸಿ ಹಲವು ಉತ್ತರಭಾಗಗಳು ಬಂದವು. ಮೂವತ್ತು ವರ್ಷಗಳು ಕಳೆದ ಮೇಲೂ ಇದರ ಅಭಿಮಾನಿಗಳು ಯಾವ ಭಾಗ ಉತ್ತಮ, ಯಾವುದು ಹಾದಿ ತಪ್ಪಿತು ಎಂದು ವಾದಿಸುತ್ತಲೇ ಇದ್ದಾರೆ. ಒಂದು ಆಟಕ್ಕೆ ಇಷ್ಟು ದೀರ್ಘವಾದ ಆಯುಷ್ಯ ಎಲ್ಲಿಂದ ಬಂದಿತು? ಈ ಪ್ರಶ್ನೆಗೆ ಉತ್ತರವು ವಿಜ್ಞಾನದ ವಿದ್ಯಾರ್ಥಿಗೆ ವಿಶೇಷವಾಗಿ ರುಚಿಸುವಂಥದೆಂದು ನನ್ನ ಭಾವನೆ.

ಕಥೆಯ ಹಂದರ

ಕಥೆ ಸರಳವಾದುದು. ಏಟ್ರಸ್ ಎಂಬಾತನಿಗೆ ಒಂದು ಅಪೂರ್ವ ವಿದ್ಯೆ ಗೊತ್ತು. ವಿಶಿಷ್ಟವಾದ ಲಿಪಿಯಲ್ಲಿ ಆತನು ಒಂದು ಲೋಕವನ್ನು ಪುಸ್ತಕವಾಗಿ ವರ್ಣಿಸಿ ಬರೆದರೆ, ಆ ಪುಸ್ತಕದ ಪುಟವನ್ನು ಮುಟ್ಟಿದವರು ಆ ಲೋಕವನ್ನೇ ಸೇರುವರು. ಅವನ ಇಬ್ಬರು ಮಕ್ಕಳು ಒಂದೊಂದು ಪುಸ್ತಕದೊಳಗೆ ಸೆರೆಯಾಗಿದ್ದಾರೆ. ಹರಿದುಹೋದ ಪುಟಗಳನ್ನು ತಂದುಕೊಟ್ಟು ತನ್ನನ್ನು ಬಿಡಿಸೆಂದು ಇಬ್ಬರೂ ಆಟಗಾರನನ್ನು ಬೇಡುವರು. ಇಬ್ಬರೂ ಪರಸ್ಪರ ದೂಷಿಸುವರು. ಯಾರ ಮಾತು ನಿಜವೆಂಬುದನ್ನು ಅವರು ಬಿಟ್ಟುಹೋದ ಕೋಣೆಗಳನ್ನೂ ವಸ್ತುಗಳನ್ನೂ ನೋಡಿ ಆಟಗಾರನೇ ನಿರ್ಣಯಿಸಬೇಕು. 1997ರಲ್ಲಿ ಬಂದ ಎರಡನೆಯ ಭಾಗ ‘ರಿವೆನ್’. ಇದರಲ್ಲಿ ಏಟ್ರಸನ ತಂದೆ ಗೆನ್ ಎಂಬವನು ಶಿಥಿಲವಾಗುತ್ತಿರುವ ದ್ವೀಪಸಮೂಹವೊಂದನ್ನು ದೇವರಂತೆ ಆಳುತ್ತಿರುವನು. ಅವನ ಸೆರೆಯಿಂದ ಏಟ್ರಸನ ಪತ್ನಿ ಕ್ಯಾಥರೀನಳನ್ನು ಬಿಡಿಸುವುದು ಆಟಗಾರನ ಕೆಲಸ.

ನಿಶ್ಚಲ ಚಿತ್ರಗಳ ಲೆಕ್ಕ

ಮಿಸ್ಟ್ ಲೋಕದಲ್ಲಿ ನಡೆಯುವುದೆಂದರೆ ಒಂದು ನಿಶ್ಚಲ ಚಿತ್ರದಿಂದ ಮತ್ತೊಂದು ನಿಶ್ಚಲ ಚಿತ್ರಕ್ಕೆ ಹೋಗುವುದು. ಇಂತಹ ಸುಮಾರು 2500 ಚಿತ್ರಗಳು ಅದರಲ್ಲಿವೆ. ಪ್ರತಿಯೊಂದು ಚಿತ್ರವೂ ‘ಹೈಪರ್‌ಕಾರ್ಡ್’ ಎಂಬ ವ್ಯವಸ್ಥೆಯಲ್ಲಿ ಒಂದು ಎಲೆಯಿದ್ದಂತೆ. ಚಿತ್ರದ ಇಂತಿಂಥ ಭಾಗವನ್ನು ಒತ್ತಿದರೆ ಇಂತಿಂಥ ಎಲೆ ಬರಬೇಕೆಂದು ಮೊದಲೇ ಗೊತ್ತುಮಾಡಿರುವರು. ಹೀಗೇಕೆ ಮಾಡಿದರು? ಕೊಂಚ ಲೆಕ್ಕ ಹಾಕಿ ನೋಡೋಣ.

ಒಂದು ಚಿತ್ರದಲ್ಲಿ ಅಡ್ಡಲಾಗಿ 544, ಉದ್ದಕ್ಕೆ 333 ಬಿಂದುಗಳು, ಒಟ್ಟು 1,81,152. ಪ್ರತಿಯೊಂದು ಬಿಂದುವಿನ ಬಣ್ಣವನ್ನು ಮೂರು ಬೈಟ್‌ಗಳಲ್ಲಿ ಬರೆದಿಟ್ಟರೆ 1 ಕೋಟಿ 67 ಲಕ್ಷ ಬಣ್ಣಗಳು ದೊರೆಯುವುವು. ಆದರೆ ಆಗ 2500 ಚಿತ್ರಗಳಿಗೆ ಸುಮಾರು 136 ಕೋಟಿ ಬೈಟ್‌ಗಳು ಬೇಕು. ಆಟವನ್ನು ತುಂಬಬೇಕಾಗಿದ್ದ ಸಿ.ಡಿ. ತಟ್ಟೆಯ ಸಾಮರ್ಥ್ಯವಾದರೋ ಅದರ ಅರ್ಧದಷ್ಟು ಮಾತ್ರ! ಆದುದರಿಂದ ಒಂದೊಂದು ಚಿತ್ರಕ್ಕೂ 256 ಬಣ್ಣಗಳನ್ನಷ್ಟೇ ಆರಿಸಿ, ಬಿಂದುವಿಗೆ ಒಂದೇ ಬೈಟ್‌ನಂತೆ ಬರೆದರು. ಅದೂ ಸಾಲದೆ ಆ ಬರವಣಿಗೆಯನ್ನು ಮತ್ತಷ್ಟು ಅಡಕಗೊಳಿಸಿದರು.

ವೇಗದ ತೊಡಕು ಇನ್ನೂ ದೊಡ್ಡದು. ಆ ತಟ್ಟೆಯಲ್ಲಿ ವಿಷಯವು ಸುರುಳಿಯಾದ ಹಾದಿಯೊಂದರ ಮೇಲೆ ಅತಿ ಸೂಕ್ಷ್ಮವಾದ ಕುಳಿಗಳ ರೂಪದಲ್ಲಿರುತ್ತದೆ. ಲೇಸರ್ ಬೆಳಕು ಅವುಗಳಿಂದ ಪ್ರತಿಫಲಿಸುವ ರೀತಿಯಿಂದ ಅದನ್ನು ಓದಬೇಕು. ಮೊದಲ ದರ್ಜೆಯ ವೇಗದಲ್ಲಿ ತಿರುಗುವ ತಟ್ಟೆಯಿಂದ ಸೆಕೆಂಡಿಗೆ ಸುಮಾರು ಒಂದೂವರೆ ಲಕ್ಷ ಬೈಟ್‌ಗಳನ್ನು ಓದಬಹುದಾಗಿತ್ತು. ಸೆಕೆಂಡಿಗೆ 25 ಚಿತ್ರಗಳಂತೆ ಸಿನಿಮಾದ ಹಾಗೆ ತೋರಿಸಬೇಕಾದರೆ 45 ಲಕ್ಷ ಬೈಟ್‌ಗಳು ಬೇಕು. ಎಂದರೆ ಆ ವೇಗದ ಮೂವತ್ತು ಪಾಲು. ಆದುದರಿಂದ ಚಲಿಸುವ ದೃಶ್ಯಗಳನ್ನು ಪುಟ್ಟ ಪುಟ್ಟ ಚೌಕಗಳಿಗೆ ಸೀಮಿತಗೊಳಿಸಿದರು. ಪುಸ್ತಕದ ಪುಟದೊಳಗಿನ ಒಂದು ಕಿಟಕಿಯಲ್ಲಿ ಸೆರೆಯಾಳಿನ ಮುಖ ಕಾಣಿಸಿಕೊಳ್ಳುವ ಉಪಾಯ ಈ ಬಡತನಕ್ಕೆ ಎಷ್ಟು ಚೆನ್ನಾಗಿ ಹೊಂದಿಕೊಂಡಿತೆಂಬುದನ್ನು ಗಮನಿಸಿ. ಏಟ್ರಸನ ಪಾತ್ರವನ್ನು ರ‍್ಯಾಂಡ್ ಮಿಲ್ಲರರೇ ವಹಿಸಿದರು.

ನಿಶ್ಚಲತೆಯಿಂದ ಒಂದು ಲಾಭವೂ ಆಯಿತು. ಚಿತ್ರಗಳನ್ನು ಮುಂಚೆಯೇ ಗಣಿಸಿಡುವುದರಿಂದ, ಬೆಳಕು ಎಲ್ಲಿ ಬೀಳುವುದು, ನೆರಳು ಎಲ್ಲಿಗೆ ಚಾಚುವುದು ಎಂಬುದನ್ನು ಒಂದೊಂದು ಚಿತ್ರಕ್ಕೂ ಸಾವಕಾಶವಾಗಿ ಲೆಕ್ಕಹಾಕಲು ಯಂತ್ರಕ್ಕೆ ಬಿಡುವಿತ್ತು. ಆಟಗಾರನಿಗೂ ಒಂದೊಂದು ದೃಶ್ಯದ ಮುಂದೆ ನಿಂತು ನೋಡುವ ಅಭ್ಯಾಸವಾಯಿತು.

ನಿಯಮಕ್ಕೆ ಒಳಪಟ್ಟ ಲೋಕ

ಹಾಗೆ ನಿಂತು ನೋಡಿದವನಿಗೆ ಕ್ರಮೇಣ ಒಂದು ಸಂಗತಿ ಹೊಳೆಯುವುದು: ಈ ಲೋಕದಲ್ಲಿ ಕಾರಣವಿಲ್ಲದೆ ಏನೂ ನಡೆಯುವುದಿಲ್ಲ. ಚಾನೆಲ್‌ವುಡ್ ಎಂಬ ಲೋಕದಲ್ಲಿ ಗಾಳಿಯಂತ್ರದ ಬಳಿಯಿಂದ ನೀರು ಕೊಳವೆಗಳಲ್ಲಿ ಹರಿದುಬರುತ್ತದೆ; ಕವಲುಗಳಲ್ಲಿರುವ ಸನ್ನೆಗಳನ್ನು ತಿರುಗಿಸಿ ಆ ನೀರನ್ನು ಬೇಕಾದ ಕಡೆಗೆ ಹರಿಸಿದರೆ ಅಲ್ಲಿನ ಏರುಯಂತ್ರವೋ ಸೇತುವೆಯೋ ಚಲಿಸುವುದು. ಸ್ಟೋನ್‌ಶಿಪ್ ಎಂಬ ಲೋಕದಲ್ಲಿ ಕೈಯಿಂದ ಜನಕಯಂತ್ರವನ್ನು ತಿರುಗಿಸಿ ವಿದ್ಯುತ್ತನ್ನು ಕೂಡಿಡಬೇಕು; ಕೂಡಿಟ್ಟದ್ದು ತೀರುತ್ತಿದ್ದಂತೆ ದೀಪಗಳು ಆರುವುವು. ಶಕ್ತಿಯ ನಿತ್ಯತ್ವವನ್ನು ಓದಿದವರಿಗೆ ಇದು ಅಪರಿಚಿತವಾದ ಪಾಠವಲ್ಲ. ಒಂದು ಲೋಕದಲ್ಲಿ ದಿಕ್ಕುಗಳನ್ನು ಸೂಚಿಸುವ ಸದ್ದುಗಳನ್ನು ಕಲಿತವನಿಗೆ, ಬೇರೊಂದು ಲೋಕದ ನೆಲದಡಿಯ ಚಕ್ರವ್ಯೂಹದಲ್ಲಿ ಅವೇ ಸದ್ದುಗಳು ದಾರಿ ತೋರುವುವು. ಒಂದೆಡೆ ಕಂಡ ನಿಯಮ ಮತ್ತೊಂದೆಡೆಯಲ್ಲಿಯೂ ನಡೆಯುವುದೆಂಬ ನಂಬಿಕೆಯಿಂದಲೇ ಅಲ್ಲವೆ, ನ್ಯೂಟನ್ನನು ಸೇಬನ್ನೂ ಚಂದ್ರನನ್ನೂ ಒಂದೇ ಸೂತ್ರದಲ್ಲಿ ಕಟ್ಟಿದುದು?

ಇನ್ನೊಂದು ವಿಶೇಷವುಂಟು. ಸಾಮಾನ್ಯವಾದ ಸಾಹಸದ ಆಟಗಳಲ್ಲಿ ಆಟಗಾರನು ಕೀಲಿಕೈ, ಹಗ್ಗ, ದೀಪ ಮೊದಲಾದವುಗಳನ್ನು ಚೀಲದಲ್ಲಿ ತುಂಬಿಕೊಳ್ಳುತ್ತ ಸಾಗುವನು. ಮಿಸ್ಟ್‌ನಲ್ಲಿ ಅಂತಹ ಚೀಲವೇ ಇಲ್ಲ. ಕೊನೆಯ ಬಾಗಿಲನ್ನು ತೆರೆಯುವ ಕ್ರಮವು ತಿಳಿದಿದ್ದರೆ, ಯಾವ ಲೋಕಕ್ಕೂ ಹೋಗದೆ ಕೆಲವೇ ನಿಮಿಷಗಳಲ್ಲಿ ಆಟವನ್ನು ಮುಗಿಸಬಹುದು! ಹಲವು ವಾರಗಳ ಅಲೆದಾಟದಲ್ಲಿ ಆಟಗಾರನು ನಿಜವಾಗಿ ಸಂಪಾದಿಸುವುದು ಅರಿವೊಂದನ್ನೇ.

ಇಪ್ಪತ್ತೈದರ ಎಣಿಕೆ

ಈ ಗುಣವು ಪೂರ್ಣವಾಗಿ ಅರಳಿದುದು ರಿವೆನ್‌ನಲ್ಲಿ. ಐದು ಸಿ.ಡಿ. ತಟ್ಟೆಗಳನ್ನು ತುಂಬಿದ ಈ ಆಟದಲ್ಲಿ ಹಳ್ಳಿಯೊಂದರ ಶಾಲೆಯಿದೆ. ಮೇಷ್ಟರೂ ಇಲ್ಲ, ಮಕ್ಕಳೂ ಇಲ್ಲ. ಒಂದು ಆಟಿಕೆ ಮಾತ್ರ ಇದೆ. ಅದನ್ನು ತಿರುಗಿಸಿದಾಗ ಒಂದು ಚಿಹ್ನೆ ಕಾಣಿಸುವುದು. ದಾರದಿಂದ ತೂಗುವ ಗೊಂಬೆಯೊಂದು ಕೆಲವು ಮೆಟ್ಟಿಲು ಕೆಳಕ್ಕಿಳಿಯುವುದು. ಕೆಳಗೆ ಭಯಂಕರವಾದ ಜಲಚರವೊಂದು ಬಾಯಿ ತೆರೆದು ಕಾದಿದೆ. ಮೆಟ್ಟಿಲುಗಳನ್ನು ಎಣಿಸಿದರೆ ಚಿಹ್ನೆಯ ಬೆಲೆ ತಿಳಿಯುವುದು. ಗೆನ್‌ನ ಆಳ್ವಿಕೆ ಎಂತಹುದು ಎಂಬುದನ್ನೂ ಮಕ್ಕಳ ಆ ಆಟಿಕೆ ಮಾತಿಲ್ಲದೆ ಹೇಳಿಬಿಡುವುದು.

ಆಟಿಕೆಯು 1ರಿಂದ 10ರವರೆಗಿನ ಚಿಹ್ನೆಗಳನ್ನು ಮಾತ್ರ ಕಲಿಸುವುದು. ಮುಂದೆ ಬೇಕಾಗುವ ಸಂಖ್ಯೆಗಳು ಅದಕ್ಕಿಂತ ದೊಡ್ಡವು. ಆಗ ಚಿಹ್ನೆಗಳ ರಚನೆಯನ್ನೇ ಪರೀಕ್ಷಿಸಬೇಕಾಗುವುದು. 1, 2, 3, 4 ಇವುಗಳಿಗೆ ಚೌಕದೊಳಗೆ ಒಂದೊಂದು ಗೆರೆಯ ಗುರುತು. 1ರ ಗುರುತನ್ನು ಕಾಲುಸುತ್ತು ತಿರುಗಿಸಿದರೆ 5. 2ರ ಗುರುತನ್ನು ಹಾಗೆಯೇ ತಿರುಗಿಸಿದರೆ 10. 5ರ ಮೇಲೆ 1ನ್ನು ಬರೆದರೆ 6. ಹಾಗಾದರೆ 3ನ್ನು ತಿರುಗಿಸಿದರೆ 15 ಆಗಬೇಕು. ಅದರ ಮೇಲೆ ನೆಟ್ಟಗಿನ 3ನ್ನು ಬರೆದರೆ 18 ಆಗಬೇಕು. ಕಂಡ ಹತ್ತು ಉದಾಹರಣೆಗಳಿಂದ ಕಾಣದ ಸಂಖ್ಯೆಗಳನ್ನು ಊಹಿಸುವ ಈ ಕ್ರಮವೇ ತರ್ಕಶಾಸ್ತ್ರದಲ್ಲಿ ಅನುಗಮನವೆನಿಸುವುದು. ನಮ್ಮ ದಶಮಾನ ಪದ್ಧತಿಯಲ್ಲಿ ಹತ್ತಕ್ಕೆ ಸ್ಥಾನ ಬದಲಾಗುವಂತೆ ಇಲ್ಲಿ ಇಪ್ಪತ್ತೈದಕ್ಕೆ ಬದಲಾಗುವುದು. 60ನ್ನು ಬರೆಯಬೇಕಾದರೆ ಎರಡು ಇಪ್ಪತ್ತೈದು ಮತ್ತು ಒಂದು ಹತ್ತು. ಎಂದರೆ 2ರ ಗುರುತಿನ ಪಕ್ಕದಲ್ಲಿ 10ರ ಗುರುತು.

ಈ ಅರಿವಿಲ್ಲದೆ ಕುರುಡು ಪ್ರಯತ್ನದಿಂದ ಗೆಲ್ಲಲಾಗದೆ? ಗೆನ್‌ನ ಗುಮ್ಮಟಗಳ ಬೀಗದಲ್ಲಿ 25 ಸ್ಥಾನಗಳಿವೆ. ಅವುಗಳ ಪೈಕಿ ಐದು ಸ್ಥಾನಗಳಲ್ಲಿ ಐದು ಗುಂಡಿಗಳನ್ನು ಸರಿಸಿ ನಿಲ್ಲಿಸಬೇಕು. 25ರಲ್ಲಿ 5ನ್ನು ಆರಿಸುವ ವಿಧಗಳು 53,130. ಒಂದೊಂದು ಪ್ರಯತ್ನಕ್ಕೆ ಹತ್ತು ಸೆಕೆಂಡು ಹಿಡಿದರೂ, ಎಲ್ಲವನ್ನೂ ಪರೀಕ್ಷಿಸಲು ನಿದ್ರಾಹಾರಗಳಿಲ್ಲದೆ ಆರು ದಿನಗಳಿಗಿಂತ ಹೆಚ್ಚು ಕಾಲ ಬೇಕು. ಅಷ್ಟೇ ಅಲ್ಲ, ಹೊಸದಾಗಿ ಆಡತೊಡಗಿದಾಗಲೆಲ್ಲ ಈ ಬೀಗದ ಸಂಖ್ಯೆಗಳು ಬದಲಾಗುವುವು. ಗೆಳೆಯನ ಸಂಖ್ಯೆಗಳನ್ನು ನಕಲು ಮಾಡಿಕೊಂಡು ಪ್ರಯೋಜನವಿಲ್ಲ. ಸಂಖ್ಯೆಗಳನ್ನು ಓದುವ ವಿದ್ಯೆಯನ್ನೇ ಕಲಿಯಬೇಕು.

ಒಂದು ತಪ್ಪೊಪ್ಪಿಗೆ

ಆದರೆ ನಕಲು ಮಾಡಬಹುದಾದ ಒಗಟೂ ಅದರಲ್ಲೊಂದು ಇತ್ತು. ದ್ವೀಪಗಳಲ್ಲಿ ಅಲ್ಲಲ್ಲಿ ಮರದ ಕಣ್ಣುಗಳನ್ನು ಹುದುಗಿಸಿದ್ದಾರೆ. ಒಂದನ್ನು ತಿರುಗಿಸಿದರೆ ಒಂದು ಪ್ರಾಣಿಯ ಕೂಗು ಕೇಳಿಬರುವುದು; ಹಿಂಬದಿಯಲ್ಲಿ ಒಂದು ಸಂಖ್ಯೆ ಕಾಣುವುದು. ಬೇರೆಡೆ ಒಂದು ಗುಹೆಯಲ್ಲಿ ಪ್ರಾಣಿಗಳ ಚಿತ್ರವಿರುವ 25 ಕಲ್ಲುಗಳು. ಯಾವ ಐದನ್ನು, ಯಾವ ಕ್ರಮದಲ್ಲಿ ಒತ್ತಬೇಕು? ನಾನು ಎಂ.ಎಸ್‌ಸಿ. ತರಗತಿಯಲ್ಲಿದ್ದಾಗ ಈ ಆಟವನ್ನು ಆಡಿದೆ. ಮೂರು ರಾತ್ರಿ ಹೆಣಗಿ, ತಾಳ್ಮೆಗೆಟ್ಟು, ಮೊದಲೇ ಆಡಿ ಮುಗಿಸಿದ್ದ ಸಹಪಾಠಿಯೊಬ್ಬನನ್ನು ಕೇಳಿದೆ. ಆತನು ಹೇಳಿದ. ಕಲ್ಲುಗಳನ್ನು ಒತ್ತಿದೆ, ದಾರಿ ತೆರೆಯಿತು. ನನಗಾದರೋ ಸಂತೋಷವೇ ಆಗಲಿಲ್ಲ. ಒಂದು ಒಗಟನ್ನು ಮೊದಲ ಬಾರಿಗೆ ಬಿಡಿಸುವ ಅವಕಾಶ ಮನುಷ್ಯನಿಗೆ ಒಂದೇ ಸಲ ದೊರೆಯುವುದು. ಅದನ್ನು ನಾನೇ ಕೈಯಾರೆ ಕಳೆದುಕೊಂಡಿದ್ದೆ.

ಲೋಲಕದ ಪ್ರಯೋಗದಲ್ಲಿ ಗುರುತ್ವದ ಬೆಲೆ 9.8 ಬರಲೇಬೇಕೆಂದು ಎಣಿಕೆಗಳನ್ನು ತಿದ್ದಿ ಬರೆಯುವ ವಿದ್ಯಾರ್ಥಿಗಳನ್ನು ಈಗ ಪ್ರತಿ ವರ್ಷವೂ ಕಾಣುತ್ತೇನೆ. ಅವರನ್ನು ಗದರಿಸುವ ಮುನ್ನ ಆ ಕಲ್ಲುಗಳ ನೆನಪಾಗುವುದು.

ಮುಂದಿನ ಭಾಗಗಳು

2001ರಲ್ಲಿ ಬಂದ ‘ಎಕ್ಸೈಲ್’ ಭಾಗದಲ್ಲಿ ನಿಂತಲ್ಲಿಯೇ ಸುತ್ತಲೂ, ಮೇಲೂ ಕೆಳಗೂ ಕತ್ತು ಹೊರಳಿಸಿ ನೋಡುವ ಅನುಕೂಲವಾಯಿತು. 2003ರ ‘ಉರು’ ಮತ್ತು 2005ರ ‘ಎಂಡ್ ಆಫ್ ಏಜಸ್’ ಭಾಗಗಳಲ್ಲಿ ಯಂತ್ರವು ಕ್ಷಣಕ್ಷಣಕ್ಕೂ ದೃಶ್ಯವನ್ನು ಗಣಿಸಿ ತೋರಿಸುವುದರಿಂದ ಎಲ್ಲಿ ಬೇಕಾದರಲ್ಲಿ ನಡೆದಾಡಬಹುದಾಯಿತು. ಇವುಗಳ ನಡುವೆ 2004ರಲ್ಲಿ ‘ರೆವೆಲೇಶನ್’ ಬಂದಿತು. ಇಲ್ಲಿ ಅಭಿಮಾನಿಗಳಲ್ಲಿ ಪಂಗಡಗಳುಂಟು. ನಿಶ್ಚಲ ಚಿತ್ರಗಳಲ್ಲಿದ್ದ ಚಿತ್ರಕಾರನ ಕಣ್ಣು ಸ್ವೇಚ್ಛಾ ಸಂಚಾರದಲ್ಲಿ ಮಾಯವಾಯಿತೆಂದು ಕೆಲವರು ಕೊರಗುವರು. ನಡೆದಾಡಲಾಗದ ಲೋಕವೂ ಒಂದು ಲೋಕವೇ ಎಂದು ಕೆಲವರು ಕೇಳುವರು. ಆದರೆ ಬಹುಮಂದಿ ರಿವೆನ್‌ಗೆ ಅಗ್ರಸ್ಥಾನವನ್ನು ಕೊಡುವರು. ಅದರಲ್ಲಿ ಒಗಟುಗಳು ಕಥೆಗೆ ಅಂಟಿಸಿದ ಬೀಗಗಳಂತಿರದೆ, ಅಲ್ಲಿನ ಜನರ ಎಣಿಕೆ, ಭಯ, ಭಕ್ತಿಗಳಿಂದಲೇ ಹುಟ್ಟಿಬಂದಿವೆ ಎಂಬುದು ಅವರು ಕೊಡುವ ಕಾರಣ. ನನ್ನ ಅಭಿಪ್ರಾಯವೂ ಇದೇ. ಚಿತ್ರವು ಚಲಿಸಲಿ, ನಿಲ್ಲಲಿ. ಲೋಕವು ತನ್ನ ನಿಯಮಕ್ಕೆ ತಾನು ಬದ್ಧವಾಗಿದ್ದರೆ ಮನಸ್ಸು ಅದನ್ನು ನಂಬುವುದು.

ಅಭಿಮಾನಿಗಳು ಬರಿಯ ಚರ್ಚೆಯಲ್ಲಿ ಕಾಲ ಕಳೆಯಲಿಲ್ಲ. ಉರು ಆಟದಲ್ಲಿ ಹಲವರು ಒಟ್ಟಾಗಿ ಸಂಚರಿಸುವ ಒಂದು ವಿಭಾಗವಿತ್ತು. 2004ರ ಫೆಬ್ರವರಿಯಲ್ಲಿ ಅದನ್ನು ಮುಚ್ಚಿದಾಗ, ಅಭಿಮಾನಿಗಳೇ ಸಯಾನ್ ಸಂಸ್ಥೆಯ ಒಪ್ಪಿಗೆಯಿಂದ ಯಂತ್ರಗಳನ್ನು ಹೊಂದಿಸಿ ನಡೆಸಿದರು. 2007ರಲ್ಲಿ ಅದು ಮತ್ತೆ ತೆರೆದು 2008ರಲ್ಲಿ ಮತ್ತೆ ಮುಚ್ಚಿತು. 2010ರಲ್ಲಿ ಸಯಾನ್ ಅದನ್ನು ಎಲ್ಲರಿಗೂ ಉಚಿತವಾಗಿ ತೆರೆಯಿತು. ಅದರ ವೆಚ್ಚಕ್ಕೆ ಅಭಿಮಾನಿಗಳ ದೇಣಿಗೆಯೇ ಆಧಾರ. 2011ರಲ್ಲಿ ಅದರ ಮೂಲ ಆದೇಶಾವಳಿಯನ್ನು ಬಹಿರಂಗಪಡಿಸಿದರು. ಅಭಿಮಾನಿಗಳೇ ಕಟ್ಟಿದ ಹೊಸ ಲೋಕಗಳೂ ಈಗ ಅದರೊಳಗೆ ಸೇರಿಕೊಂಡಿವೆ. ರಿವೆನ್‌ನ ದ್ವೀಪಗಳನ್ನು ನಡೆದಾಡಬಲ್ಲಂತೆ ಪುನಃ ಕಟ್ಟಲು ಸ್ವಯಂಸೇವಕರ ತಂಡವೊಂದು ವರ್ಷಗಟ್ಟಲೆ ದುಡಿಯಿತು. ಕಡೆಗೆ 2024ರ ಜೂನ್ ತಿಂಗಳಿನಲ್ಲಿ ಸಯಾನ್ ಸಂಸ್ಥೆಯೇ ರಿವೆನ್‌ನ ನವೀನ ರೂಪವನ್ನು ಹೊರತಂದಿತು.

ಈ ಹೊಸ ರಿವೆನ್‌ನಲ್ಲಿ ಹಳೆಯ ಒಗಟುಗಳಲ್ಲಿ ಹಲವನ್ನು ಬದಲಿಸಿರುವರು. ಹಿಂದೆ ಆಡಿದವರ ಕಂಠಪಾಠ ಇಲ್ಲಿ ನಡೆಯದು. ಕಲ್ಲುಗಳ ಒಗಟೂ ಮೊದಲಿನಂತಿಲ್ಲ. ಕಳೆದುಹೋಯಿತೆಂದುಕೊಂಡಿದ್ದ ಅವಕಾಶವು ನನಗೆ ಎರಡನೆಯ ಬಾರಿ ಹೀಗೆ ಅನಿರೀಕ್ಷಿತವಾಗಿ ದೊರೆಯಿತು. ಈ ಸಲ ಒಂದು ಪುಸ್ತಕ, ಒಂದು ಪೆನ್ಸಿಲು ಇಟ್ಟುಕೊಂಡು ಕುಳಿತೆ. ಕಂಡದ್ದನ್ನು ಬರೆದೆ, ಊಹಿಸಿದೆ, ತಪ್ಪಿದೆ, ಮತ್ತೆ ಊಹಿಸಿದೆ. ಯಾರನ್ನೂ ಕೇಳಲಿಲ್ಲ. ನಾಲ್ಕನೆಯ ಸಂಜೆ ದಾರಿ ತೆರೆಯಿತು.

ಆ ಪುಸ್ತಕವು ಈಗ ನಮ್ಮ ಪ್ರಯೋಗಶಾಲೆಯ ಮೇಜಿನ ಮೇಲಿದೆ. ಅದರಲ್ಲಿ ಸರಿಯಾದ ಉತ್ತರವಿರುವುದು ಒಂದು ಪುಟದಲ್ಲಿ. ತಪ್ಪು ಊಹೆಗಳಿರುವುದು ಹನ್ನೊಂದು ಪುಟಗಳಲ್ಲಿ. ಲೋಲಕದ ಎಣಿಕೆಗಳನ್ನು ತಿದ್ದಿಕೊಂಡು ಬರುವ ವಿದ್ಯಾರ್ಥಿಗಳಿಗೆ ಆ ಹನ್ನೊಂದು ಪುಟಗಳನ್ನು ತೋರಿಸುತ್ತೇನೆ.