ಎರವಲು ಲಿವರ್, ಸ್ವಂತ ಕರುಳು

ಬೆಳಗಿನ ಏಳೂವರೆ. ರಕ್ತ ತೆಗೆಯುವ ಕೌಂಟರಿನ ಮುಂದೆ ಬಂದು ಕೂತ ಹಿರಿಯರ ಚೀಟಿ ನೋಡಿದ ಲ್ಯಾಬಿನ ಹುಡುಗಿ ಸೂಜಿ ಎತ್ತಿಕೊಳ್ಳುವುದಿಲ್ಲ, ಮೊದಲು ವಿಚಾರಣೆ.

'ಬೆಳಗಿನ ಮಾತ್ರೆ ತಗೊಂಡ್ರಾ ಅಂಕಲ್?'

'ಇಲ್ಲಮ್ಮ, ಜೇಬಲ್ಲೇ ಇದೆ.' ಅಂಗಿಯ ಜೇಬು ತಟ್ಟಿ ತೋರಿಸುತ್ತಾರೆ.

'ರಾತ್ರಿದು ಎಷ್ಟೊತ್ತಿಗೆ?'

'ಎಂಟಕ್ಕೆ. ಅಲಾರಾಂ ಇಟ್ಕೊಂಡಿದೀನಿ.'

ಇಷ್ಟು ಖಾತ್ರಿಯಾದ ಮೇಲೆಯೇ ತೋಳಿಗೆ ಪಟ್ಟಿ ಬೀಳುವುದು. ನೇರಳೆ ಮುಚ್ಚಳದ ಪುಟ್ಟ ಟ್ಯೂಬಿಗೆ ಎರಡು ಮೂರು ಮಿಲಿಲೀಟರ್ ರಕ್ತ. ಆಮೇಲೆ ಅವರು ಹೊರಗಿನ ಬೆಂಚಿನ ಮೇಲೆ ಕೂತು ನೀರಿನ ಬಾಟಲಿ ತೆರೆದು ಕ್ಯಾಪ್ಸೂಲ್ ನುಂಗುತ್ತಾರೆ. ಮರೆತು ಮನೆಯಲ್ಲೇ ನುಂಗಿ ಬಂದಿದ್ದರೆ 'ನಾಳೆ ಬನ್ನಿ' ಎಂದು ವಾಪಸು ಕಳಿಸುತ್ತಿದ್ದರು. ಲಿವರ್ ಕಸಿ ಮಾಡಿಸಿಕೊಂಡವರ ಮನೆಗಳಲ್ಲಿ 'ಟ್ಯಾಕ್ ಲೆವೆಲ್' ಎಂಬ ಮಾತು ಸಕ್ಕರೆ, ಬಿಪಿಯಷ್ಟೇ ಬಳಕೆಯದು. ಹಿಂದಿನ ಡೋಸು ತೆಗೆದುಕೊಂಡು ಸುಮಾರು ಹನ್ನೆರಡು ಗಂಟೆ ಕಳೆದು, ಮುಂದಿನದು ಹೊಟ್ಟೆಗಿಳಿಯುವ ಮುನ್ನ ರಕ್ತದಲ್ಲಿ ಔಷಧ ಎಷ್ಟು ಉಳಿದಿದೆ ಎಂಬ ಲೆಕ್ಕ ಅದು.

ಟ್ಯಾಕ್ ಅಂದರೆ ಟ್ಯಾಕ್ರೋಲಿಮಸ್. ಜಪಾನಿನ ಟ್ಸುಕುಬಾ ಊರಿನ ಮಣ್ಣಿನಲ್ಲಿದ್ದ ಬ್ಯಾಕ್ಟೀರಿಯಾ ಒಂದರಿಂದ ಫುಜಿಸಾವಾ ಕಂಪನಿಯ ವಿಜ್ಞಾನಿಗಳು 1984ರಲ್ಲಿ ಇದನ್ನು ಹೊರತೆಗೆದರು. ಹೆಸರಿನ ಮೊದಲ ಅಕ್ಷರ ಆ ಊರಿನದೇ. 1963ರಲ್ಲಿ ಮನುಷ್ಯರಲ್ಲಿ ಮೊದಲ ಲಿವರ್ ಕಸಿಗೆ ಕೈಹಾಕಿದ್ದ ಥಾಮಸ್ ಸ್ಟಾರ್ಜ್ಲ್ ಅವರೇ 1989ರಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ಇದನ್ನು ರೋಗಿಗಳಿಗೆ ಕೊಡಲು ಶುರುಮಾಡಿದರು. 1994ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಅದಕ್ಕೂ ಮೊದಲು ಸೈಕ್ಲೋಸ್ಪೋರಿನ್ ಎಂಬ ಇದೇ ಬಗೆಯ ಔಷಧ ಇತ್ತು, ಅದೂ ಮಣ್ಣಿನಿಂದ ಬಂದದ್ದೇ, ನಾರ್ವೆಯ ಪ್ರಸ್ಥಭೂಮಿಯೊಂದರ ಶಿಲೀಂಧ್ರದ್ದು. ಅನ್ಯ ಅಂಗವೊಂದು ಒಳಗೆ ಬಂದಿದೆ ಎಂದು ನಮ್ಮ ಟಿ-ಕಣಗಳು ಗುರುತಿಸಿದೊಡನೆ ಅವುಗಳೊಳಗೆ ಕ್ಯಾಲ್ಸಿನ್ಯೂರಿನ್ ಎಂಬ ಕಿಣ್ವ ಚುರುಕಾಗಿ, 'ಸಂಖ್ಯೆ ಹೆಚ್ಚಿಸಿಕೊಳ್ಳಿ' ಎಂಬ ರಾಸಾಯನಿಕ ಕರೆ ಹೊರಡುತ್ತದೆ. ಟ್ಯಾಕ್ರೋಲಿಮಸ್ ಆ ಕಿಣ್ವದ ಕೈ ಕಟ್ಟಿಹಾಕುತ್ತದೆ. ದಾಳಿಯ ಪಡೆ ಒಟ್ಟುಗೂಡುವುದೇ ಇಲ್ಲ.

ಬೇಕಾದ ಪ್ರಮಾಣ ಎಷ್ಟು ಅಲ್ಪ ಎಂದು ಸುಮ್ಮನೆ ಗುಣಿಸಿ ನೋಡಿದೆ. ಕಸಿಯಾದ ಮೊದಲ ತಿಂಗಳಲ್ಲಿ ಸಾಮಾನ್ಯವಾಗಿ ಒಂದು ಮಿಲಿಲೀಟರ್ ರಕ್ತದಲ್ಲಿ 6ರಿಂದ 10 ನ್ಯಾನೋಗ್ರಾಂ ಇದ್ದರೆ ವೈದ್ಯರಿಗೆ ಸಮಾಧಾನ. 8 ಎಂದಿಟ್ಟುಕೊಳ್ಳೋಣ. ಐದು ಲೀಟರ್ ರಕ್ತಕ್ಕೆ ಒಟ್ಟು 40 ಮೈಕ್ರೋಗ್ರಾಂ. ಪುಡಿ ಉಪ್ಪಿನ ಒಂದೇ ಒಂದು ಹರಳು ಸುಮಾರು 60 ಮೈಕ್ರೋಗ್ರಾಂ ತೂಗುತ್ತದೆ. ಅಂದರೆ ಇಡೀ ಮೈಯ ರಕ್ತದಲ್ಲಿ ಕರಗಿರುವ ಔಷಧ ಒಂದು ಹರಳು ಉಪ್ಪಿಗಿಂತ ಕಡಿಮೆ! ಅದು ಇನ್ನೂ ಕಡಿಮೆಯಾದರೆ ದೇಹ ಹೊಸ ಲಿವರನ್ನು ತಿರಸ್ಕರಿಸಬಹುದು. ಜಾಸ್ತಿಯಾದರೆ ಕಿಡ್ನಿಗೆ ಪೆಟ್ಟು, ಸಹಿ ಹಾಕುವಾಗ ಬೆರಳು ನಡುಗುವುದು, ತಲೆನೋವು, ಏರುವ ಬಿಪಿ, ಹೊಸದಾಗಿ ಅಂಟಿಕೊಳ್ಳುವ ಸಕ್ಕರೆ ಕಾಯಿಲೆ, ಮೇಲಿಂದ ಸೋಂಕುಗಳು. ಈ ಅಂಚಿಗೂ ಆ ಅಂಚಿಗೂ ನಡುವಿನ ದಾರಿ ಗದ್ದೆಯ ಬದುವಿನಷ್ಟು ಕಿರಿದು.

ಹಾಗಾದರೆ ತೂಕಕ್ಕೆ ತಕ್ಕ ಮಾತ್ರೆ ಬರೆದುಕೊಟ್ಟರೆ ಮುಗಿಯಿತಲ್ಲ? ಮುಗಿಯುವುದಿಲ್ಲ. ನುಂಗಿದ್ದರಲ್ಲಿ ಸರಾಸರಿ ಕಾಲು ಭಾಗವಷ್ಟೇ ರಕ್ತಕ್ಕೆ ಸೇರುತ್ತದೆ, ಆ ಕಾಲು ಭಾಗವೂ ಒಬ್ಬೊಬ್ಬರಲ್ಲಿ ಒಂದೊಂದು ಥರ. ಒಬ್ಬರಿಗೆ ದಿನಕ್ಕೆ 2 ಮಿಲಿಗ್ರಾಂ ಸಾಕಾದರೆ ಅದೇ ತೂಕದ ಇನ್ನೊಬ್ಬರಿಗೆ 8 ಕೂಡ ಸಾಲದೆ ಹೋಗಬಹುದು. ಔಷಧವನ್ನು ಅರೆದು ಮುಗಿಸುವ ಕಿಣ್ವಗಳೇ ಇದಕ್ಕೆ ಕಾರಣ. ಸೈಟೋಕ್ರೋಮ್ ಪಿ450 ಎಂಬ ದೊಡ್ಡ ಕಿಣ್ವ ಕುಟುಂಬದಲ್ಲಿ 3ಎ4, 3ಎ5 ಎಂಬ ಎರಡು ಅಣ್ಣತಮ್ಮಂದಿರಿದ್ದಾರೆ. ಕಾರ್ಬನ್ ಮಾನಾಕ್ಸೈಡ್ ಜೊತೆ ಬೆಸೆದಾಗ 450 ನ್ಯಾನೋಮೀಟರಿನ ಬೆಳಕನ್ನು ಹೀರುವುದರಿಂದ ಮನೆತನಕ್ಕೆ ಈ ವಿಚಿತ್ರ ಹೆಸರು. ಸಸ್ಯ, ಸೂಕ್ಷ್ಮಜೀವಿಗಳ ವಿಷ ಒಳಗೆ ಬಂದರೆ ಅದನ್ನು ಪುಡಿಗಟ್ಟಿ ಹೊರಹಾಕುವುದು ಇವರ ತಲೆಮಾರುಗಳ ಕಸುಬು. ಮಣ್ಣಿನ ಬ್ಯಾಕ್ಟೀರಿಯಾದ ಈ ಅಣುವೂ ಇವರ ಕಣ್ಣಿಗೆ ಅಂಥದೇ ಒಂದು ವಿಷ.

ಈ ಕಿಣ್ವಗಳು ಎರಡು ಕಡೆ ಕಾವಲು ಕೂತಿವೆ. ಕರುಳಿನ ಗೋಡೆಯಲ್ಲಿ ಒಂದಿಷ್ಟು, ಲಿವರಿನಲ್ಲಿ ಬಹಳಷ್ಟು. ಲಿವರ್ ಕಸಿ ಉಳಿದ ಕಸಿಗಳಂತಲ್ಲ ಎನ್ನುವುದು ಇಲ್ಲೇ. ಕಿಡ್ನಿ ಕಸಿಯಲ್ಲಿ ಔಷಧ ಕಾಯುವುದು ಕಿಡ್ನಿಯನ್ನು, ಅದನ್ನು ಅರೆಯುವುದು ರೋಗಿಯ ಸ್ವಂತ ಲಿವರ್. ಲಿವರ್ ಕಸಿಯಲ್ಲಿ ಔಷಧ ಯಾರನ್ನು ಕಾಯಬೇಕೋ ಅವರೇ ಅದನ್ನು ತಿಂದು ಮುಗಿಸುವವರು.

ಅದಕ್ಕಿಂತ ಸೋಜಿಗದ್ದು ವಂಶವಾಹಿಯ ಲೆಕ್ಕ. 3ಎ5 ಕಿಣ್ವ ಎಲ್ಲರಲ್ಲೂ ಕೆಲಸ ಮಾಡುವುದಿಲ್ಲ. ಆಫ್ರಿಕಾ ಮೂಲದವರಲ್ಲಿ ಹೆಚ್ಚಿನವರಿಗೆ ಇದು ಚುರುಕು, ಯುರೋಪ್ ಮೂಲದ ಬಹುಪಾಲು ಜನರಲ್ಲಿ ಜೀನಿನ ಒಂದಕ್ಷರದ ವ್ಯತ್ಯಾಸದಿಂದಾಗಿ ಹೆಚ್ಚುಕಮ್ಮಿ ಮೌನ. ನಾವು ಭಾರತೀಯರು ನಡುವೆ ಎಲ್ಲೋ ಇದ್ದೇವೆ. ಈಗ ತಂದೆಗೆ ಮಗಳು ಲಿವರಿನ ತುಂಡು ಕೊಟ್ಟಳು ಎಂದುಕೊಳ್ಳಿ. ತಾಯಿಯ ಕಡೆಯಿಂದ ಬಂದ ಚುರುಕು 3ಎ5 ಮಗಳಲ್ಲಿದೆ, ತಂದೆಯಲ್ಲಿ ಇಲ್ಲ. ಕಸಿಯಾದ ಮೇಲೆ ತಂದೆಯ ಮೈಯಲ್ಲಿ ಕರುಳು ಅವರದೇ, ನಿಧಾನದ್ದು. ಲಿವರ್ ಮಗಳದು, ಚುರುಕಿನದು. ಅಪ್ಪನ ಕೆನ್ನೆಯ ಒಳಗಿಂದ ಜೀವಕೋಶ ಕೆರೆದು ಜೀನ್ ಪರೀಕ್ಷೆ ಮಾಡಿಸಿದರೆ ಅರ್ಧ ಉತ್ತರವಷ್ಟೇ ಸಿಗುತ್ತದೆ, ಉಳಿದರ್ಧಕ್ಕೆ ಮಗಳನ್ನೇ ಕೇಳಬೇಕು. ಜಪಾನಿನ ಕ್ಯೋಟೋದಲ್ಲಿ ಜೀವಂತ ದಾನಿಗಳ ಕಸಿಯನ್ನು ಗಮನಿಸಿದ ಸಂಶೋಧಕರು 2004ರ ಹೊತ್ತಿಗೇ ತೋರಿಸಿದ್ದು ಇದನ್ನೇ: ಚುರುಕು 3ಎ5 ಇರುವ ದಾನಿಯ ಲಿವರ್ ಬಂದವರಲ್ಲಿ ಕೊಟ್ಟ ಡೋಸಿಗೆ ತಕ್ಕಷ್ಟು ಔಷಧ ರಕ್ತದಲ್ಲಿ ನಿಲ್ಲುತ್ತಿರಲಿಲ್ಲ. ಚುರುಕು ಕಿಣ್ವದವರಿಗೆ ಆರಂಭದ ಡೋಸನ್ನು ಒಂದೂವರೆಯಿಂದ ಎರಡು ಪಟ್ಟು ಏರಿಸಿ ಎಂದು 2015ರ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳಿತಾದರೂ, ಲಿವರ್ ಕಸಿಯ ವಿಷಯಕ್ಕೆ ಬಂದಾಗ ದಾನಿ ಮತ್ತು ರೋಗಿ ಇಬ್ಬರ ಜೀನೂ ಒಂದೇ ಬಗೆಯದಾಗಿದ್ದರೆ ಮಾತ್ರ ಎಂದು ಎಚ್ಚರಿಕೆಯ ಗೆರೆ ಎಳೆಯಿತು. ಆ ಗೆರೆ ನನಗೆ ಹಿಡಿಸಿತು. 'ನಿಮ್ಮ ಜೀನ್ ಓದಿ ನಿಮ್ಮ ಡೋಸ್ ಹೇಳುತ್ತೇವೆ' ಎನ್ನುವ ಜಾಹೀರಾತುಗಳ ಈ ಕಾಲದಲ್ಲಿ, ಯಾರ ಜೀನ್ ಎಂದು ಕೇಳಬೇಕಾದ ರೋಗಿಗಳೂ ಇದ್ದಾರೆ.

ನಮ್ಮ ದೇಶದಲ್ಲಿ ಲಿವರ್ ಕಸಿಯ ಬಹುಪಾಲು ನಡೆಯುವುದೇ ಹೀಗೆ ಮನೆಯವರ ದಾನದಿಂದ. 1998ರಲ್ಲಿ ದೆಹಲಿಯಲ್ಲಿ ಯಶಸ್ವಿಯಾದ ಮೊದಲ ಕಸಿಯಲ್ಲಿ ಪುಟ್ಟ ಮಗುವಿಗೆ ಬಂದದ್ದೂ ತಂದೆಯ ಲಿವರಿನ ಭಾಗ. ಹೀಗೆ ಬಂದ ತುಂಡು ಮೊದಲ ದಿನಗಳಲ್ಲಿ ಚಿಕ್ಕದು, ಅರೆಯುವ ಶಕ್ತಿಯೂ ಕಡಿಮೆ. ಆಗ ಸಣ್ಣ ಡೋಸೇ ಸಾಕು. ವಾರಗಳು ಕಳೆದಂತೆ ಅದು ಬೆಳೆಯುತ್ತದೆ, ಅದರ ಹಸಿವೂ ಬೆಳೆಯುತ್ತದೆ, ಡೋಸ್ ಏರಿಸಬೇಕಾಗುತ್ತದೆ. 'ಹುಷಾರಾಗ್ತಿದೀನಿ, ಮಾತ್ರೆ ಮಾತ್ರ ಜಾಸ್ತಿ ಮಾಡ್ತಿದಾರಲ್ಲ' ಎಂದು ಗಾಬರಿಬೀಳುವವರಿಗೆ ಯಾರಾದರೂ ಇದನ್ನು ಕೂರಿಸಿ ಹೇಳಬೇಕು.

ಇನ್ನು ತಟ್ಟೆಯ ವಿಚಾರ. 1989ರಲ್ಲಿ ಕೆನಡಾದ ಡೇವಿಡ್ ಬೇಯ್ಲಿ ಬಿಪಿ ಮಾತ್ರೆಯೊಂದಕ್ಕೂ ಮದ್ಯಕ್ಕೂ ಏನು ಸಂಬಂಧ ಎಂದು ನೋಡುತ್ತಿದ್ದರು. ಮದ್ಯದ ರುಚಿ ಗೊತ್ತಾಗದಿರಲಿ ಎಂದು ಗ್ರೇಪ್‌ಫ್ರೂಟ್ ರಸ ಬೆರೆಸಿದರು. ರಕ್ತದಲ್ಲಿ ಔಷಧ ನಿರೀಕ್ಷೆಗಿಂತ ಎಷ್ಟೋ ಹೆಚ್ಚಾಗಿತ್ತು, ತಪ್ಪಿತಸ್ಥ ಮದ್ಯವಲ್ಲ, ಹಣ್ಣಿನ ರಸ. ಅದರಲ್ಲಿರುವ ಫ್ಯುರಾನೋಕೌಮಾರಿನ್‌ಗಳು ಕರುಳಿನ 3ಎ4 ಕಿಣ್ವವನ್ನು ನಿಷ್ಕ್ರಿಯಗೊಳಿಸುತ್ತವೆ. ಗ್ರೇಪ್‌ಫ್ರೂಟ್ ನಮಗೇನು ಹತ್ತಿರದ್ದಲ್ಲ ಎನ್ನಬೇಡಿ. ಅದು ನಮ್ಮ ಚಕ್ಕೋತಕ್ಕೂ ಕಿತ್ತಳೆಗೂ ಹುಟ್ಟಿದ ಕೂಸು. ಜಪಾನಿನಲ್ಲಿ ಕಿಡ್ನಿ ಕಸಿಯಾದ ರೋಗಿಯೊಬ್ಬರು ಚಕ್ಕೋತ ತಿಂದು ಟ್ಯಾಕ್ ಲೆವೆಲ್ ಏರಿಸಿಕೊಂಡದ್ದು ವೈದ್ಯ ಪತ್ರಿಕೆಯಲ್ಲಿ ದಾಖಲಾಗಿದೆ. ದೇವನಹಳ್ಳಿ ಕಡೆಯ ನೆಂಟರು ಕಸಿಯಾದವರನ್ನು ನೋಡಲು ಬರುವಾಗ ಚಕ್ಕೋತ ಬಿಟ್ಟು ಬೇರೆ ಹಣ್ಣು ತರುವುದು ಲೇಸು.

ಇದಕ್ಕೆ ಉಲ್ಟಾ ರಿಫಾಂಪಿಸಿನ್, ಕ್ಷಯಕ್ಕೆ ಕೊಡುವ ಔಷಧ. ಇದು ಕಿಣ್ವಗಳ ಸಂಖ್ಯೆಯನ್ನೇ ಹೆಚ್ಚಿಸುತ್ತದೆ. ಟ್ಯಾಕ್ರೋಲಿಮಸ್ ಹೇಳಹೆಸರಿಲ್ಲದಂತೆ ಕರಗುತ್ತದೆ. ಕ್ಷಯ ಇನ್ನೂ ಮನೆಮಾತಾಗಿರುವ ನಮ್ಮಲ್ಲಿ ಕಸಿ ವೈದ್ಯರಿಗೆ ಇದು ನಿಜವಾದ ತಲೆನೋವು, ಏಕೆಂದರೆ ಆ ಮಾತ್ರೆ ನಿಲ್ಲಿಸಿ ಎರಡು ವಾರದವರೆಗೂ ಅದರ ಪ್ರಭಾವ ಇಳಿಯುವುದಿಲ್ಲ. ಭೇದಿಯಾದಾಗ ಲೆವೆಲ್ ಇಳಿಯಬೇಕು ಎಂದು ಎಲ್ಲರಂತೆ ನಾನೂ ಅಂದುಕೊಂಡಿದ್ದೆ. ಆಗುವುದು ತದ್ವಿರುದ್ಧ. ಕರುಳಿನ ಗೋಡೆ ಸೊರಗಿ ಅಲ್ಲಿನ ಕಾವಲು ಸಡಿಲವಾಗುವುದರಿಂದ ಹೆಚ್ಚು ಔಷಧ ಅರೆಯದೆ ಒಳಗೆ ನುಗ್ಗುತ್ತದೆ.

ಅಳೆಯುವ ಯಂತ್ರದ ಗುಟ್ಟೂ ಒಂದಿದೆ. ಟ್ಯಾಕ್ರೋಲಿಮಸ್ ಬಹುಪಾಲು ಕೆಂಪು ರಕ್ತಕಣಗಳೊಳಗೇ ಅಡಗುತ್ತದೆ. ಹಾಗಾಗಿ ರಕ್ತ ಹೆಪ್ಪುಗಟ್ಟದಂತೆ ಇಡೀ ರಕ್ತವನ್ನೇ ಪರೀಕ್ಷಿಸಬೇಕು, ಆ ನೇರಳೆ ಮುಚ್ಚಳ ಅದಕ್ಕೇ. ಕೆಲವು ಲ್ಯಾಬುಗಳು ಪ್ರತಿಕಾಯಗಳನ್ನು ಬಳಸಿ ಅಳೆಯುತ್ತವೆ, ಅವು ಅರೆದುಳಿದ ಚೂರುಗಳನ್ನೂ ಔಷಧವೆಂದೇ ಎಣಿಸಿ ಸ್ವಲ್ಪ ಹೆಚ್ಚು ತೋರಿಸಬಹುದು. ಮಾಸ್ ಸ್ಪೆಕ್ಟ್ರೋಮೀಟರ್ ಅಣುವಿನ ತೂಕ ನೋಡಿ ಬೇರ್ಪಡಿಸುತ್ತದೆ. ಒಂದು ತಿಂಗಳು ಇಲ್ಲಿ, ಮುಂದಿನ ತಿಂಗಳು ಅಲ್ಲಿ ರಕ್ತ ಕೊಟ್ಟು ಎರಡು ಸಂಖ್ಯೆಗಳನ್ನು ಹೋಲಿಸಿ ಕೊರಗುವುದರಲ್ಲಿ ಅರ್ಥವಿಲ್ಲ.

ಔಷಧವನ್ನು ಅರೆಯುವ ಲಿವರಿನ ಗುಣವನ್ನೇ ಕೆಲವರು ಅದರ ಪರೀಕ್ಷೆಯಾಗಿ ತಿರುಗಿಸಿಕೊಂಡರು. ಜರ್ಮನಿಯಲ್ಲಿ ಮಿಕಾಯೆಲ್ ಓಲೆರಿಶ್ ಮತ್ತು ಜೊತೆಗಾರರು ಲಿಡೋಕೇನ್ ಎಂಬ ಔಷಧವನ್ನು ಸಣ್ಣ ಪ್ರಮಾಣದಲ್ಲಿ ಚುಚ್ಚಿ, ಹದಿನೈದು ನಿಮಿಷದಲ್ಲಿ ಲಿವರ್ ಅದನ್ನು ಎಷ್ಟು ಅರೆದಿದೆ ಎಂದು ನೋಡಿ, ದಾನಿಯ ಲಿವರ್ ಎಷ್ಟು ಗಟ್ಟಿ ಎಂದು ತೂಗಿದರು. ಅದೇ ಸಂಶೋಧಕರು ಮುಂದೆ ಕೈಹಾಕಿದ್ದು ಇನ್ನೂ ಸೂಕ್ಷ್ಮವಾದ ಸುಳಿವಿಗೆ. ಹೊಸ ಲಿವರಿಗೆ ಏಟು ಬಿದ್ದಾಗ ಸಾಯುವ ಕೋಶಗಳಿಂದ ದಾನಿಯ ಡಿಎನ್ಎ ಚೂರುಗಳು ರೋಗಿಯ ರಕ್ತಕ್ಕೆ ಸೋರುತ್ತವೆ. ಟ್ಯಾಕ್ ಲೆವೆಲ್ ಹೇಳುವುದು ಔಷಧ ಎಷ್ಟಿದೆ ಎಂದು ಮಾತ್ರ, ಈ ಚೂರುಗಳು ಹೇಳುವುದು ಆ ಔಷಧ ಈ ವ್ಯಕ್ತಿಗೆ ಸಾಕಾಗುತ್ತಿದೆಯೇ ಎಂದು.

ಏಕೆಂದರೆ ಎಲ್ಲರಿಗೂ ಅಷ್ಟೇ ಬೇಕೆಂದೇನಿಲ್ಲ. ಕೇಂಬ್ರಿಜ್‌ನ ರಾಯ್ ಕಾಲ್ನ್ 1969ರಲ್ಲೇ ಹಂದಿಗಳಲ್ಲಿ ಕಂಡಿದ್ದರು, ಲಿವರ್ ಹಲವು ಸಲ ಔಷಧವಿಲ್ಲದೆಯೂ ಪರಕೀಯ ದೇಹದಲ್ಲಿ ಬಾಳುತ್ತದೆ. ಮನುಷ್ಯರಲ್ಲೂ ವರ್ಷಗಟ್ಟಲೆ ನೆಮ್ಮದಿಯಾಗಿರುವ ಆಯ್ದ ರೋಗಿಗಳಿಗೆ ವೈದ್ಯರ ಕಣ್ಗಾವಲಿನಲ್ಲಿ ಡೋಸನ್ನು ಹಂತಹಂತವಾಗಿ ಇಳಿಸಿ, ಕೆಲವರಲ್ಲಿ ಪೂರ್ತಿ ನಿಲ್ಲಿಸಿದ ಪ್ರಯೋಗಗಳಾಗಿವೆ. ಉಳಿದವರಲ್ಲಿ ತಿರಸ್ಕಾರ ತಲೆಯೆತ್ತಿ ಮತ್ತೆ ಮಾತ್ರೆ ಶುರುಮಾಡಬೇಕಾಯಿತು. ತಾವಾಗಿಯೇ ನಿಲ್ಲಿಸಿ ನೋಡುವುದು ಯಾರಿಗೂ ತಕ್ಕದ್ದಲ್ಲ. ಪೂರ್ತಿ ನಿಲ್ಲಿಸಿದವರನ್ನು ಮಾತ್ರೆ ತಗೊಂಡ್ರಾ ಎಂದು ಕೌಂಟರಿನಲ್ಲಿ ಕೇಳುವುದಿಲ್ಲ. ಲಿವರ್ ಹೇಗಿದೆ ಎಂದು ನೋಡಲು ರಕ್ತವನ್ನಂತೂ ಅವರೂ ಕೊಡುತ್ತಲೇ ಇರಬೇಕು.